ಭಾನುವಾರ ಕ್ರಾಸ್‌ಓವರ್ ಕೆಲಸ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಬಸವನಗುಡಿಯ ನಮ್ಮನೆ ಮಹಡಿಯಲ್ಲಿ ಸೇರೋಣ. ಹೋದ ಸಲ ನನ್ನ ಸ್ಪೀಕರ್‌ನಲ್ಲಿ ಹಾಡುವವರೆಲ್ಲ ನೆಗಡಿ ಬಂದ ಹಾಗೆ ಕೇಳಿಸಿದ್ದರಲ್ಲ, ಕಾರಣ ಸಿಕ್ಕಿತು. ಟ್ವೀಟರನ್ನು (ಸಣ್ಣ ದನಿಯ ಚಿಕ್ಕ ಸ್ಪೀಕರ್) ಸುಮ್ಮನೆ ಬೈದೆ. ತಪ್ಪು ನನ್ನ ಕ್ರಾಸ್‌ಓವರ್ ಲೆಕ್ಕದ್ದು, ಅಂದರೆ ದಪ್ಪ ದನಿಯನ್ನು ವೂಫರ್‌ಗೂ ಸಣ್ಣ ದನಿಯನ್ನು ಟ್ವೀಟರ್‌ಗೂ ಹಂಚುವ ಫಿಲ್ಟರ್‌ನದು.

ದನಿ ಹಂಚುವ ಜಾಗ 2,500 ಹರ್ಟ್ಸ್, ಸ್ಪೀಕರ್ 8 ಓಮ್ ಅಂತ ಹಿಡಿದು, ಫ್ರೀಕ್ವೆನ್ಸಿ ಎರಡು ಪಟ್ಟು ಬದಲಾದಂತೆಲ್ಲ 12 ಡೆಸಿಬೆಲ್ ಇಳಿಯುವ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್‌ನ ಲೆಕ್ಕ ಹಾಕಿದರೆ 4 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, 1 ಮಿಲಿಹೆನ್ರಿ ಕಾಯಿಲ್ ಬರುತ್ತದೆ. ಆದರೆ ವೂಫರ್ ಬರೀ ರೆಸಿಸ್ಟರ್ ಅಲ್ಲ. ಫ್ರೀಕ್ವೆನ್ಸಿ ಏರಿದಂತೆ ಅದರೊಳಗಿನ ವಾಯ್ಸ್ ಕಾಯಿಲ್‌ನಿಂದಾಗಿ ಇಂಪೆಡೆನ್ಸ್ (ಕರೆಂಟಿಗೆ ಒಟ್ಟು ತಡೆ) ಕೂಡ ಏರುತ್ತದೆ, ಫಿಲ್ಟರ್ ಅಂದುಕೊಂಡಂತೆ ಕತ್ತರಿಸುವುದಿಲ್ಲ. ಅದಕ್ಕೇ ವೂಫರ್‌ಗೆ ಅಡ್ಡಲಾಗಿ ಝೋಬೆಲ್ ಹಾಕಿದೆ, ಅಂದರೆ ಆ ಏರಿಕೆಯನ್ನು ಸರಿದೂಗಿಸುವ ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್. ನನ್ನ ವೂಫರ್‌ನ ಡಿಸಿ ರೆಸಿಸ್ಟೆನ್ಸ್ 6 ಓಮ್, ಝೋಬೆಲ್‌ನ ರೆಸಿಸ್ಟರ್ ಅದರ 1.25 ಪಟ್ಟು, 7.5 ಓಮ್. ವಾಯ್ಸ್ ಕಾಯಿಲ್ 0.7 ಮಿಲಿಹೆನ್ರಿ ಇರುವುದರಿಂದ ರೆಸಿಸ್ಟರ್ ಜೊತೆ ಸೀರೀಸ್‌ನಲ್ಲಿ ಸುಮಾರು 12 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್. ಅರ್ಧ ನೆಗಡಿ ಇಳಿಯಿತು!

ಉಳಿದರ್ಧ ಫೇಸ್‌ನದು, ಅಂದರೆ ವೂಫರ್, ಟ್ವೀಟರ್ ಎರಡರ ಅಲೆಗಳ ತಾಳಮೇಳದ್ದು. ಈ ಫಿಲ್ಟರ್‌ಗೆ ಟ್ವೀಟರ್ ವೈರ್ ಉಲ್ಟಾ ಕೊಡಬೇಕು. ಪರೀಕ್ಷೆಗೆ ಬೇಕೆಂದೇ ನೇರವಾಗಿ ಕೊಟ್ಟು ಅಳೆದರೆ ಗ್ರಾಫಿನಲ್ಲಿ ಕ್ರಾಸ್‌ಓವರ್ ಜಾಗದಲ್ಲಿ (2,500 ಹರ್ಟ್ಸ್ ಹತ್ತಿರ) ಆಳವಾದ ಗುಂಡಿ ಕಾಣಬೇಕು. ನನ್ನದು ಎತ್ತಿನಗಾಡಿ ರಸ್ತೆಯ ಹಳ್ಳದಷ್ಟೇ ಇದೆ. ಅದನ್ನು ಆಳ ಮಾಡುವುದೇ ಭಾನುವಾರದ ಕೆಲಸ.

ಬಿಡಿಭಾಗ ತರಲು ಎಸ್.ಪಿ. ರೋಡ್‌ಗೆ ಹೋಗುವವರು ಫಿಲ್ಮ್ ಅಥವಾ ಬೈಪೋಲಾರ್ ಕೆಪ್ಯಾಸಿಟರ್ ಮಾತ್ರ ತನ್ನಿ, ಪ್ಲಸ್-ಮೈನಸ್ ಇರುವ ಎಲೆಕ್ಟ್ರೊಲಿಟಿಕ್ ಬೇಡ. ಎರಡು ಕಾಯಿಲ್‌ಗಳನ್ನು ಅಕ್ಕಪಕ್ಕ ಅಂಟಿಸಿಕೊಂಡು ಬರಬೇಡಿ. ದೂರವಿಟ್ಟು, ಒಂದಕ್ಕೊಂದು ಲಂಬವಾಗಿ ಕೂರಿಸಬೇಕು. ಮೈಕ್ ನನ್ನ ಹತ್ತಿರ ಇದೆ. 12ರೊಳಗೆ ಅಳತೆ ಮುಗಿಸೋಣ, ಆಮೇಲೆ ಕೆಳಗಡೆ ಮಿಕ್ಸಿ ಶುರುವಾಗುತ್ತದೆ.