ಕತ್ತರಿಸಿ ಎಸೆಯುವ ಅಂಚಿನಲ್ಲಿ ನನ್ನ ಹೆಸರು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯಲ್ಲೇ ಕೂತು ಸಂಪಾದಿಸುವ ದಾರಿಗಳ ಬಗ್ಗೆ ಒಂದು ಲೇಖನ ಬಂದಿತ್ತು. ಕೊನೆಯಲ್ಲಿ ಬಟ್ಟೆ ಡಿಸೈನ್ ಮಾತೂ ಇತ್ತು. ಒಂದು ಸಲ ಚಿತ್ರ ಬಿಡಿಸಿ ಇಂಟರ್ನೆಟ್ಟಿಗೆ ಹಾಕಿದರೆ ಸಾಕು, ಆಮೇಲೆ ನೀವು ಮಲಗಿದ್ದರೂ ದುಡ್ಡು ಬರುತ್ತಿರುತ್ತದೆ, ವ್ಯಾಪಾರ ಬಿದ್ದಿರುವ ಈ ಕಾಲಕ್ಕೆ ಇದು ಹೇಳಿಮಾಡಿಸಿದ ಕೆಲಸ ಅಂತ ಬರೆದಿದ್ದರು. ನಮ್ಮ ಯಜಮಾನರು ಅದನ್ನು ಜೋರಾಗಿ ಓದಿ, "ನೀನು ಸರಿಯಾಗಿ ನಿದ್ದೆ ಮಾಡ್ತಿಲ್ಲ ಕಣೇ, ಅದಕ್ಕೇ ದುಡ್ಡು ಬರ್ತಿಲ್ಲ" ಅಂದರು. ನಕ್ಕು ಸುಮ್ಮನಾದೆ. ಆದರೆ ಸಂಜೆ ಪರಿಚಯದ ಇಬ್ಬರು ಹುಡುಗಿಯರು ಅದೇ ಲೇಖನ ಓದಿ, "ಆಂಟಿ, ಚಿತ್ರ ಬಿಡಿಸೋಕೆ ಯಾವ ಟ್ಯಾಬ್ಲೆಟ್ ತಗೊಳ್ಳಲಿ?" ಅಂತ ಫೋನ್ ಮಾಡಿದಾಗ ನಗು ಬರಲಿಲ್ಲ. ಅದಕ್ಕೇ ಈ ಪತ್ರ.

ನಾನು 9 ವರ್ಷದಿಂದ ಕ್ವಿಲ್ಟ್ ಹೊಲಿಯುವವರ ಬಟ್ಟೆಗೆ ಡಿಸೈನ್ ಮಾಡುತ್ತಿದ್ದೇನೆ. ಕ್ವಿಲ್ಟ್ ಅಂದರೆ ಕೌದಿಯ ನೆಂಟ ಅಂದುಕೊಳ್ಳಿ. ಮೇಲೆ ಚೂರುಬಟ್ಟೆ ಜೋಡಿಸಿದ ಪದರ, ನಡುವೆ ಮೆತ್ತನೆಯದೊಂದು ಪದರ, ಕೆಳಗೆ ಇನ್ನೊಂದು ಬಟ್ಟೆ, ಮೂರನ್ನೂ ಹಿಡಿದು ಹೊಲಿಗೆ. ಇದಕ್ಕೆ ಬೇಕಾದ ಹತ್ತಿಬಟ್ಟೆ ಸುಮಾರು 44 ಇಂಚು ಅಗಲ ಬರುತ್ತದೆ. ಅದರ ಮೇಲಿನ ಹೂವು, ಚುಕ್ಕೆ, ಗೆರೆ, ಹಕ್ಕಿ ಇವೆಲ್ಲ ಯಾರೋ ಕೂತು ಬರೆದದ್ದು. ಆ ಯಾರೋ ಅನ್ನುವವರಲ್ಲಿ ನಾನೂ ಒಬ್ಬಳು.

ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ ಪಾಠವನ್ನು ನನಗೆ ಕಲಿಸಿದ್ದು ಒಬ್ಬ ಗಿರಾಕಿ. ಶುರುವಿನಲ್ಲಿ ದೊಡ್ಡ ದೊಡ್ಡ ಹೂವು ಬರೆಯುತ್ತಿದ್ದೆ. ಒಂದೊಂದು ದಾಸವಾಳ ಹತ್ತು ಇಂಚು. ಪರದೆಯ ಮೇಲೆ ನೋಡಲು ಎರಡು ಕಣ್ಣು ಸಾಲದು. ಆಕೆ ಎರಡು ಮೀಟರ್ ತರಿಸಿಕೊಂಡರು. ತಿಂಗಳಾದ ಮೇಲೆ ಒಂದು ಫೋಟೊ ಕಳಿಸಿ, "ಮೇಡಂ, ಹೂವೆಲ್ಲಿ?" ಅಂತ ಕೇಳಿದರು. ಎರಡೂವರೆ ಇಂಚಿನ ಚೌಕಗಳಾಗಿ ಕತ್ತರಿಸಿದ್ದರು. ಕ್ವಿಲ್ಟ್ ಹೊಲಿಯುವಾಗ ಪ್ರತಿ ಬದಿಯಲ್ಲೂ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಉಳಿದದ್ದು ಎರಡಿಂಚು. ಆ ಎರಡಿಂಚಿನಲ್ಲಿ ಕೆಲವು ಕಡೆ ಬರೀ ಕೆಂಪು, ಕೆಲವು ಕಡೆ ಬರೀ ಕಂದು. ಹೂವು ಎಲ್ಲೂ ಇರಲಿಲ್ಲ, ಯಾರೋ ಎಲೆಯಡಿಕೆ ಉಗಿದಂತಿತ್ತು. ಅವತ್ತು ಅರ್ಥವಾಯಿತು: ನನ್ನ ಚಿತ್ರವನ್ನು ಜನ ಕೊಳ್ಳುವುದು ಗೋಡೆಗೆ ತೂಗುಹಾಕುವುದಕ್ಕಲ್ಲ, ಕತ್ತರಿಸುವುದಕ್ಕೆ. ಅಂದಿನಿಂದ ಒಂದು ರಟ್ಟಿನಲ್ಲಿ ಎರಡೂವರೆ ಇಂಚಿನ ಕಿಟಕಿ ಕೊರೆದು ಇಟ್ಟುಕೊಂಡಿದ್ದೇನೆ. ಪ್ರಿಂಟ್ ತೆಗೆದ ಹಾಳೆಯ ಮೇಲೆ ಅದನ್ನು ಜಾರಿಸುತ್ತಾ ಹೋಗುತ್ತೇನೆ. ಕಿಟಕಿ ಎಲ್ಲಿ ನಿಂತರೂ ಒಳಗೆ ನೋಡುವಂಥದ್ದು ಏನಾದರೂ ಇರಬೇಕು. ಇಲ್ಲದಿದ್ದರೆ ಮತ್ತೆ ಬರೆಯುವುದು.

ಅಂಥ ಬಟ್ಟೆ ಮಾರುವುದಕ್ಕೆ ಎರಡು ದಾರಿ ಇದೆ. ಒಂದು, ಬಟ್ಟೆ ಕಂಪನಿಗೆ ಡಿಸೈನ್ ಬಳಸುವ ಹಕ್ಕು ಕೊಡುವುದು. ಅವರು ಒಂದೊಂದಾಗಿ ತೆಗೆದುಕೊಳ್ಳುವುದಿಲ್ಲ, ಇಡೀ ಸೆಟ್ ಕೇಳುತ್ತಾರೆ. ಕಣ್ಣು ಸೆಳೆಯುವ ದೊಡ್ಡ ಪ್ರಿಂಟ್ ಒಂದೆರಡು, ಅದಕ್ಕೆ ಜೊತೆಯಾಗುವ ಮಧ್ಯಮ ಪ್ರಿಂಟ್‌ಗಳು, ಆಮೇಲೆ ಚುಕ್ಕೆ, ಗೆರೆಯಂಥ ಸಣ್ಣವು. ಇಷ್ಟನ್ನೂ ಎರಡು ಮೂರು ಬಣ್ಣದ ಜೋಡಿಯಲ್ಲಿ ಮಾಡಬೇಕು. ಎಲ್ಲ ಒಪ್ಪಿಗೆಯಾಗಿ ಬಟ್ಟೆ ಅಂಗಡಿಗೆ ಬರುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಅಲ್ಲಿಯವರೆಗೆ ಕೈಗೆ ಸಿಗುವುದು ಕಡಿಮೆ, ಏಕೆಂದರೆ ನಮ್ಮ ಪಾಲು ಬಟ್ಟೆ ಮಾರಿದ ಮೇಲೆ ಸಗಟು ದರದ ಮೇಲೆ ಬರುವ ಸಣ್ಣ ಶೇಕಡಾ. ನಾನು ಒಮ್ಮೆ 22 ಡಿಸೈನಿನ ಸೆಟ್ ಮಾಡಿಕೊಟ್ಟೆ. ಏಳು ತಿಂಗಳ ಕೆಲಸ. ಬಣ್ಣ ಎರಡು ಸಲ ಬದಲಾಯಿಸಿದರು. ಕೊನೆಗೆ ಮೂರು ಸಾಲಿನ ಇಮೇಲ್ ಬಂತು: ಮಾರುಕಟ್ಟೆ ಮಂದವಾಗಿದೆ, ಈ ಸಲ ಹೊಸ ಸೆಟ್ ಕಡಿಮೆ ಮಾಡಿದ್ದೇವೆ, ಮುಂದೆ ನೋಡೋಣ. ಕಂಪನಿಯ ಹೆಸರು ಹೇಳುವುದಿಲ್ಲ. ಅವರನ್ನು ಪೂರ್ತಿ ಬೈಯಲೂ ಮನಸ್ಸಿಲ್ಲ. ಅಚ್ಚು ಹಾಕಿಸುವುದೆಂದರೆ ಒಂದೊಂದು ಡಿಸೈನಿಗೂ ಸಾವಿರಾರು ಮೀಟರ್ ಒಟ್ಟಿಗೆ ಹಾಕಿಸಬೇಕು. ಮಾರಾಟವಾಗದಿದ್ದರೆ ಗೋದಾಮು ತುಂಬಿ ಕೂರುವುದು ಅವರ ಬಟ್ಟೆ. ಆದರೆ ಆ ಏಳು ತಿಂಗಳು ನನ್ನವು, ಅಲ್ವಾ?

ಎರಡನೆಯ ದಾರಿ, ಗಿರಾಕಿ ಕೇಳಿದಷ್ಟೇ ಬಟ್ಟೆ ಡಿಜಿಟಲ್ ಪ್ರಿಂಟ್ ಮಾಡಿ ಕಳಿಸುವ ವೆಬ್‌ಸೈಟುಗಳು. 2008ರಲ್ಲಿ ಅಮೆರಿಕದಲ್ಲಿ ಸ್ಪೂನ್‌ಫ್ಲವರ್ ಶುರುವಾದ ಮೇಲೆ ನನ್ನಂಥವರಿಗೂ ಬಾಗಿಲು ತೆರೆಯಿತು. ಅದು ನಿಜವಾಗಿ ದೊಡ್ಡ ಉಪಕಾರ. ಗೋದಾಮು ಬೇಡ, ಸಾವಿರ ಮೀಟರಿನ ಹಂಗಿಲ್ಲ. ನಿಮ್ಮ ಲೇಖಕರು ಹೇಳಿದ್ದೂ ಇದನ್ನೇ. ಅವರು ಬಿಟ್ಟಿದ್ದು ಲೆಕ್ಕ.

ನಾನಿರುವ ಸೈಟಿನಲ್ಲಿ ನನ್ನ ಪಾಲು ನೂರಕ್ಕೆ ಹತ್ತು. ಅಂದರೆ ಹತ್ತು ಮೀಟರ್ ಮಾರಿದರೆ ಒಂದು ಮೀಟರಿನ ದುಡ್ಡು ನನ್ನದು. ಸರಿ, ಆದರೆ ಮಾರಾಟಕ್ಕೆ ಇಡುವ ಮೊದಲು ಒಂದು ಮೀಟರ್ ನಾನೇ ಕೊಂಡು ನೋಡಬೇಕು. ಅಂಗೈಯಗಲದ ಸ್ಯಾಂಪಲ್ ಸಾಲದು. ಒಮ್ಮೆ ಎಲೆಗಳ ಡಿಸೈನಿನಲ್ಲಿ, ಬಟ್ಟೆಯುದ್ದಕ್ಕೂ ಮತ್ತೆ ಮತ್ತೆ ಅಚ್ಚಾಗುವ ಚಿತ್ರದ ಒಂದು ಚೌಕ ಮುಗಿದು ಇನ್ನೊಂದು ಶುರುವಾಗುವ ಕಡೆ ಕೂದಲೆಳೆಯಷ್ಟು ಬಿಳಿ ಸಂದು ಉಳಿದುಬಿಟ್ಟಿತ್ತು. ಪರದೆಯಲ್ಲಿ ಕಾಣಲಿಲ್ಲ, ಸಣ್ಣ ಸ್ಯಾಂಪಲ್ಲಿನಲ್ಲೂ ಕಾಣಲಿಲ್ಲ. ಬಟ್ಟೆ ಹರಡಿದರೆ ಹನ್ನೆರಡು ಇಂಚಿಗೊಂದು ಗೆರೆ, ಎಣಿಸಿ ಇಟ್ಟ ಹಾಗೆ. ಬಣ್ಣದ ಕಥೆಯೂ ಅಷ್ಟೇ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಬಟ್ಟೆಗಿಳಿದರೆ ಬಾಡಿದ ಸೊಪ್ಪಾಗುತ್ತದೆ. ಹಾಗಾಗಿ ಸ್ಯಾಂಪಲ್ ತರಿಸದೆ ಗತಿಯಿಲ್ಲ. ಒಂದು ಮೀಟರ್ ಸ್ಯಾಂಪಲ್ಲಿನ ಖರ್ಚು ವಾಪಸ್ ಬರಬೇಕಾದರೆ ಆ ಡಿಸೈನ್ ಹತ್ತು ಮೀಟರ್ ಹೋಗಬೇಕು. ನನ್ನ ಖಾತೆಯಲ್ಲಿ 212 ಡಿಸೈನ್ ಇವೆ. ಹತ್ತು ಮೀಟರ್ ದಾಟಿದವು 31. ಮಲಗಿದಾಗ ದುಡ್ಡು ಬರುತ್ತದೋ ಹೋಗುತ್ತದೋ ನೀವೇ ಹೇಳಿ.

2020ರಲ್ಲಿ ಮಾತ್ರ ಬಂತು, ಸುಳ್ಳು ಹೇಳಬಾರದು. ಒತ್ತಾಗಿ ನೇಯ್ದ ಹತ್ತಿಬಟ್ಟೆ ಮಾಸ್ಕಿಗೆ ಚೆನ್ನ ಅಂತ ಎಲ್ಲರೂ ಹುಡುಕಿದರು. ನನ್ನ ಸಣ್ಣ ಚುಕ್ಕೆ, ಸಣ್ಣ ಗೆರೆ ಎಲ್ಲ ಹೋದವು. ಮನೆಯಲ್ಲಿ ಕೂತವರು ಮಾಸ್ಕ್ ಮುಗಿಸಿ ಕ್ವಿಲ್ಟಿಗೂ ಕೈಹಾಕಿದರು. ಆ ವರ್ಷದ ಲೆಕ್ಕ ನೋಡಿ ನಾನು ಇನ್ನು ಮುಂದೆ ಹೀಗೇ ಅಂದುಕೊಂಡೆ, ದೊಡ್ಡ ಪ್ರಿಂಟರ್ ಬೇರೆ ಕೊಂಡೆ. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತೇವೆ.

ಕೈ ಬಿಗಿಯಾದಾಗ ಹೊಲಿಯುವವರು ಹೊಲಿಗೆ ಬಿಡುವುದಿಲ್ಲ. ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅವರು ಬಿಡುವುದು ಕೊಳ್ಳುವುದನ್ನು. ಕ್ವಿಲ್ಟ್ ಮಾಡುವ ಎಲ್ಲರ ಮನೆಯಲ್ಲೂ ವರ್ಷಗಳಿಂದ ಕೂಡಿಟ್ಟ ಬಟ್ಟೆಯ ಕಪಾಟು ಒಂದಿರುತ್ತದೆ. ಯಾವತ್ತೋ ಆಸೆಯಿಂದ ತಂದದ್ದು, ಕತ್ತರಿಸಲು ಮನಸ್ಸಾಗದೆ ಮಡಿಸಿಟ್ಟದ್ದು. ಕಷ್ಟ ಬಂತೋ, ಆ ಕಪಾಟು ತೆರೆಯುತ್ತದೆ. ಇನ್ನೊಂದು, ಅಡಿಬಟ್ಟೆ. 90 ಇಂಚಿನ ಚೌಕದ ಕ್ವಿಲ್ಟಿಗೆ ಅಡಿಬಟ್ಟೆ ನಾಲ್ಕೂ ಕಡೆ ನಾಲ್ಕು ಇಂಚು ಜಾಸ್ತಿ ಇರಬೇಕು, ಅಂದರೆ 98. ನಮ್ಮ 44 ಇಂಚಿನ ಬಟ್ಟೆಯಲ್ಲಿ ಮೂರು ಪಟ್ಟಿ ಜೋಡಿಸಬೇಕು, ಒಟ್ಟು ಹತ್ತಿರ ಹತ್ತಿರ ಏಳೂವರೆ ಮೀಟರ್. ಒಂದೇ ಡಿಸೈನ್, ಒಂದೇ ಸಲ ಏಳೂವರೆ ಮೀಟರ್! ನಮಗೆ ಹಬ್ಬವೆಂದರೆ ಅದು. ಆದರೆ ಆ ಅಡಿಬಟ್ಟೆಯ ಜಾಗಕ್ಕೆ ಈಗ ಹಳೆಯ ಬೆಡ್‌ಶೀಟ್ ಬಂದು ಕೂತಿದೆ. ಯಾರಿಗೂ ಕಾಣದ ಕಡೆಗೆ ಹೊಸ ಬಟ್ಟೆ ಯಾಕೆ ಅನ್ನುವುದು ಅವರ ಲೆಕ್ಕ. ಅದರಲ್ಲಿ ತಪ್ಪೇನಿದೆ? ನಾನು ಹೊಲಿಯುವಾಗಲೂ ಅದನ್ನೇ ಮಾಡುತ್ತೇನೆ.

ದೊಡ್ಡವರೂ ಇದರಿಂದ ಪಾರಾಗಿಲ್ಲ. ಅಮೆರಿಕದ ಜೋಆನ್ ಅನ್ನುವ ಬಟ್ಟೆ-ಹೊಲಿಗೆ ಸಾಮಾನಿನ ಅಂಗಡಿಗಳ ಕಂಪನಿ 1943ರಲ್ಲಿ ಶುರುವಾದದ್ದು. 2024ರ ಮಾರ್ಚ್‌ನಲ್ಲಿ ಒಮ್ಮೆ ದಿವಾಳಿ ಅರ್ಜಿ ಹಾಕಿತು, 2025ರ ಜನವರಿಯಲ್ಲಿ ಇನ್ನೊಮ್ಮೆ. ಅದೇ ವರ್ಷ ಮೇ ಮುಗಿಯುವುದರೊಳಗೆ ಸುಮಾರು 800 ಅಂಗಡಿಗೂ ಬೀಗ ಬಿತ್ತು. ಅಂಗಡಿ ಹೋದರೆ ಗಿರಾಕಿಗಳು ನಮ್ಮ ಕಡೆ ಬರುತ್ತಾರೆ ಅಂತ ಗೆಳತಿಯೊಬ್ಬಳು ಸಮಾಧಾನ ಹೇಳಿದಳು. ಆದರೆ ಬಾಗಿಲು ಹಾಕುವ ಅಂಗಡಿ ಇರುವ ಬಟ್ಟೆಯನ್ನೆಲ್ಲ ಸೋವಿ ದರಕ್ಕೆ ಸುರಿಯುತ್ತದೆ. ಹೊಲಿಯುವವರ ಕಪಾಟು ಇನ್ನೂ ತುಂಬುತ್ತದೆ. ತುಂಬಿದ ಕಪಾಟಿನವರಿಗೆ ನನ್ನ ಹೊಸ ಗುಬ್ಬಚ್ಚಿ ಯಾಕೆ ಬೇಕು?

ನಕಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ರಕ್ತದೊತ್ತಡ ಏರುತ್ತದೆ. ನನ್ನ ಸಣ್ಣ ಕೊಡೆಗಳ ಡಿಸೈನ್ ಒಂದು ಸೈಟಿನಲ್ಲಿ ಮೊಬೈಲ್ ಕವರಿನ ಮೇಲೆ ಕಾಣಿಸಿತು. ಒಂದು ಕೊಡೆಯ ಹಿಡಿ ನಾನು ತಪ್ಪಿ ಎಡಕ್ಕೆ ತಿರುಗಿಸಿದ್ದೆ. ಅದೂ ಹಾಗೇ ಇತ್ತು. ದೂರು ಕೊಟ್ಟೆ, ತೆಗೆದರು, ಹದಿನೈದು ದಿನದಲ್ಲಿ ಬೇರೆ ಹೆಸರಿನಲ್ಲಿ ವಾಪಸ್ ಬಂತು. ಈಗಂತೂ ಕಂಪ್ಯೂಟರೇ ನಿಮಿಷಕ್ಕೊಂದು ಚಿತ್ರ ಹೆರುತ್ತದೆ. "ಸಣ್ಣ ನೀಲಿ ಹೂವು" ಅಂತ ಹುಡುಕಿದರೆ ನನ್ನದು ಎಷ್ಟನೆಯ ಪುಟದಲ್ಲಿದೆ ಅಂತ ನೋಡುವುದನ್ನೇ ಬಿಟ್ಟಿದ್ದೇನೆ.

ಹಾಗಾದರೆ ಕಷ್ಟದ ಕಾಲಕ್ಕೂ ಬಟ್ಟೆಯ ಮೇಲಿನ ಹೂವಿಗೂ ಆಗಿಬರುವುದಿಲ್ಲವೇ ಅಂದರೆ, ಹಾಗೂ ಇಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ರೈತರ ಮನೆಗಳಲ್ಲಿ ಹಿಟ್ಟು, ಕೋಳಿಕಾಳು ತುಂಬಿ ಬರುತ್ತಿದ್ದ ಬಟ್ಟೆ ಚೀಲಗಳನ್ನೇ ಬಿಚ್ಚಿ ಉಡುಪು, ಕ್ವಿಲ್ಟ್ ಹೊಲಿಯುತ್ತಿದ್ದರು. ಅದನ್ನು ಕಂಡ ಕಂಪನಿಗಳು ಚೀಲದ ಮೇಲೇ ಹೂವಿನ ಪ್ರಿಂಟ್ ಹಾಕಿಸಿದವು. ಕಂಪನಿಯ ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲೋ ಕಿತ್ತರೆ ಬರುವ ಚೀಟಿಯಲ್ಲೋ ಹಾಕಿದವು. ಒಂದು ಫ್ರಾಕಿಗೆ ಒಂದೇ ಚೀಲ ಸಾಲದಿದ್ದರೆ, ಅದೇ ಪ್ರಿಂಟಿನ ಇನ್ನೊಂದು ಚೀಲ ತನ್ನಿ ಅಂತ ಹೆಂಡತಿಯರು ಗಂಡಂದಿರಿಗೆ ಹೇಳಿ ಕಳಿಸುತ್ತಿದ್ದರು. ಅದು ರಾಶಿಯ ಅಡಿಯಲ್ಲೇ ಇರುತ್ತಿತ್ತಂತೆ! ಕೈಯಲ್ಲಿ ಕಾಸಿಲ್ಲದ ಕಾಲದಲ್ಲೇ ಡಿಸೈನ್ ನೋಡಿ ಹಿಟ್ಟು ಕೊಂಡರು.

ಆ ಕಾಲದ್ದೇ ಇನ್ನೊಂದು ಸಂಗತಿ, ನಿಮಗೆ ಸಂಬಂಧಪಟ್ಟದ್ದು. ಕನ್ಸಾಸ್ ಸಿಟಿ ಸ್ಟಾರ್ ಅನ್ನುವ ಪತ್ರಿಕೆ 1928ರಲ್ಲಿ ಕ್ವಿಲ್ಟ್ ಮಾದರಿಗಳನ್ನು, ಅಂದರೆ ಚೂರುಬಟ್ಟೆ ಹೇಗೆ ಕತ್ತರಿಸಿ ಜೋಡಿಸಬೇಕು ಅನ್ನುವ ಚಿತ್ರಗಳನ್ನು, ಅಚ್ಚು ಹಾಕಲು ಶುರುಮಾಡಿ 1961ರವರೆಗೂ ನಡೆಸಿತು. ಓದುಗರು ಕತ್ತರಿಸಿ ಇಟ್ಟುಕೊಂಡರು. ಇವತ್ತಿಗೂ ಜನ ಆ ಮಾದರಿಗಳನ್ನು ಹುಡುಕಿ ಹೊಲಿಯುತ್ತಾರೆ.

ನನ್ನ ಕೋರಿಕೆ ಇಷ್ಟೇ. ಮಲಗಿ ಸಂಪಾದಿಸುವ ಲೇಖನದ ಬದಲು ಪುರವಣಿಯಲ್ಲಿ ಅಂಗೈಯಗಲ ಜಾಗ ಕೊಡಿ. ವಾರಕ್ಕೊಂದು ಮಾದರಿ ಹಾಕಿ. ಹೊಲಿಯುವವರು ಕಪಾಟಿನ ಬಟ್ಟೆಯಲ್ಲೇ ಹೊಲಿಯಲಿ, ಪರವಾಗಿಲ್ಲ. ಆದರೆ ಕೆಳಗೆ ಬರೆದವರ ಹೆಸರು ಹಾಕಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಅಂಗಡಿಯ ಬಟ್ಟೆಯಲ್ಲಿ ಡಿಸೈನರ್ ಹೆಸರು ಬರುವುದು ಬಟ್ಟೆಯ ಅಂಚಿನಲ್ಲಿ, ಬಣ್ಣದ ಚುಕ್ಕೆಗಳ ಪಕ್ಕ. ಆ ಅಂಚು ಬಿಗಿಯಾಗಿ ನೇಯ್ದಿರುತ್ತದೆ, ತೊಳೆದರೆ ಸೆಳೆದುಕೊಳ್ಳುತ್ತದೆ. ಅದಕ್ಕೇ ಕ್ವಿಲ್ಟ್ ಹೊಲಿಯುವವರು ಎಲ್ಲಕ್ಕಿಂತ ಮೊದಲು ಕತ್ತರಿಸಿ ಎಸೆಯುವುದು ಅದನ್ನೇ. ಕೆಲವರು ಆ ಪಟ್ಟಿಗಳನ್ನು ಕೂಡಿಟ್ಟು, ಹೆಸರು ಕಾಣುವ ಹಾಗೆ ಸಾಲಾಗಿ ಜೋಡಿಸಿ ಕ್ವಿಲ್ಟ್ ಮಾಡುತ್ತಾರೆ. ಅಂಥದ್ದೊಂದನ್ನು ನೋಡಿದಾಗ ನಾನು ಹತ್ತು ನಿಮಿಷ ನಿಂತು ಹೆಸರುಗಳನ್ನೇ ಓದಿದ್ದೆ.

ಮಾದರಿಗೆ ಸಂಭಾವನೆಯನ್ನೂ ಕೊಡಿ. ವ್ಯಂಗ್ಯಚಿತ್ರಕ್ಕೆ ಏನು ಕೊಡುತ್ತೀರೋ ಅಷ್ಟು ಸಾಕು. ನನ್ನ ಡಿಸೈನೇ ಆಗಬೇಕೆಂದೇನಿಲ್ಲ, ಈ ಕೆಲಸ ಮಾಡುವ ಆರೇಳು ಜನ ನನಗೇ ಗೊತ್ತು, ವಿಳಾಸ ಕಳಿಸುತ್ತೇನೆ. ಆ ಹುಡುಗಿಯರಿಗೆ ಟ್ಯಾಬ್ಲೆಟ್ ಈಗಲೇ ಬೇಡ ಅಂದಿದ್ದೇನೆ. ಮೊದಲು ರಟ್ಟಿನ ಕಿಟಕಿ ಕೊರೆದುಕೊಂಡು ಬನ್ನಿ, ಬರುವ ಶನಿವಾರ ಕೂತು ನೋಡೋಣ ಅಂತ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು
(ಹೆಸರು, ವಿಳಾಸ ಲಕೋಟೆಯೊಳಗಿದೆ)