ಪತ್ರಿಕೆಯಲ್ಲಿ ಹಾಕಲು ಮೀಟಿಂಗ್ ಲಿಂಕ್ ಬೇಡ, ಪುಟದ ವಿಳಾಸ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣದಲ್ಲಿ ಈಗ ಆನ್‌ಲೈನ್ ಕಾರ್ಯಕ್ರಮಗಳ ಸುದ್ದಿಯೂ ಬರುತ್ತಿದೆ. ಉಪನ್ಯಾಸ, ಕವಿಗೋಷ್ಠಿ, ತಾಳಮದ್ದಳೆ, ಗಮಕ, ಎಲ್ಲಾ ಇರುತ್ತವೆ. ಕೊನೆಗೆ ‘ಲಿಂಕ್’ ಅಂತ ಹಾಕಿ ಉದ್ದನೆಯ ಒಂದು ಇಂಗ್ಲಿಷ್ ಸಾಲು. ಕಾಗದದ ಮೇಲಿನ ಲಿಂಕನ್ನು ಒತ್ತಲು ಆಗುವುದಿಲ್ಲವಲ್ಲ! ಒಂದೊಂದೇ ಅಕ್ಷರ ನೋಡಿ ಮೊಬೈಲಿನಲ್ಲಿ ಟೈಪ್ ಮಾಡಬೇಕು. ಗೂಗಲ್ ಮೀಟ್‌ನದ್ದಾದರೆ ಅರ್ಥವಿಲ್ಲದ ಹತ್ತು ಅಕ್ಷರ, ನಡುವೆ ಎರಡು ಅಡ್ಡಗೆರೆ. ಜೂಮ್‌ನದ್ದಾದರೆ ಅಂಕಿಗಳ ಸಾಲು, ಹಿಂದೆಯೇ ಪಾಸ್‌ವರ್ಡಿನ ಬಾಲ. ಅಂಕಣದ ಅಗಲ ಸಾಲದೆ ಅದು ಎರಡು ಸಾಲಿಗೆ ಒಡೆದರಂತೂ ಮುಗಿಯಿತು. ಆ ಅಡ್ಡಗೆರೆ ವಿಳಾಸದ್ದೋ, ಸಾಲು ಮುರಿದಾಗ ಸೇರಿಕೊಂಡದ್ದೋ ಯಾರಿಗೆ ಗೊತ್ತು?

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಗಮಕ ಬಳಗವಿದೆ, ಕಾವ್ಯವನ್ನು ರಾಗವಾಗಿ ವಾಚಿಸಿ ಅರ್ಥ ಹೇಳುತ್ತೇವೆ. ಗಮಕಕ್ಕೆ ಹೆಸರಾದ ಮತ್ತೂರು, ಹೊಸಹಳ್ಳಿ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಗಮಕ ಕೇಳುವವರಿಗೇನೂ ಬರವಿಲ್ಲ. 2020ರ ಲಾಕ್‌ಡೌನ್‌ನಲ್ಲಿ ವಾಚನ, ವ್ಯಾಖ್ಯಾನ ಎರಡನ್ನೂ ಮೊಬೈಲಿಗೆ ತಂದೆವು. ಲಾಕ್‌ಡೌನ್ ಹೋಯಿತು, ಆನ್‌ಲೈನ್ ಉಳಿಯಿತು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದವರು ಕೇಳುತ್ತಾರೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದವರೂ ಕೇಳುತ್ತಾರೆ. ನಮ್ಮ ಸಂಜೆ ಏಳು ಅಂದರೆ ಅವರಿಗೆ ಚಳಿಗಾಲದಲ್ಲಿ ಬೆಳಗ್ಗೆ ಎಂಟೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ. ಬಳಗದ ಪ್ರಕಟಣೆಯ ಕೆಲಸ ನನ್ನದು. ಹಾಗಾಗಿ ಇಷ್ಟು ಬರೆಯುವ ಸಲಿಗೆ ತೆಗೆದುಕೊಂಡಿದ್ದೇನೆ.

ನನ್ನ ಮಾತು ಇಷ್ಟೇ. ಮೀಟಿಂಗ್ ಲಿಂಕ್ ಆ ದಿನದ್ದು. ಅದನ್ನು ಅಚ್ಚು ಹಾಕಿಸಬಾರದು. ಅಚ್ಚಾಗಬೇಕಾದ್ದು ಸಂಘದ ಸ್ವಂತ ಪುಟದ ವಿಳಾಸ. ಯೂಟ್ಯೂಬ್, ಫೇಸ್‌ಬುಕ್ ಎರಡರಲ್ಲೂ ಪುಟದ ವಿಳಾಸಕ್ಕೆ ನಮಗೆ ಬೇಕಾದ ಹೆಸರನ್ನು ನಾವೇ ಆರಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಆ ಪುಟದೊಳಗೆ ಆಯಾ ವಾರದ ಲಿಂಕ್ ಹಾಕಿದರಾಯಿತು. ಉಚಿತ ಜೂಮ್‌ನಲ್ಲಿ 40 ನಿಮಿಷಕ್ಕೆ ಸಭೆ ಕಡಿದುಹೋಗುತ್ತದೆ. ವ್ಯಾಖ್ಯಾನಕಾರರು ಆಗ ತಾನೇ ಲಹರಿಗೆ ಬಂದಿರುತ್ತಾರೆ. ‘ಮತ್ತೆ ಎಲ್ಲಿಗೆ ಬರಬೇಕು’ ಎಂದು ಫೋನುಗಳು ಶುರು. ಪುಟ ಇದ್ದರೆ ಎಲ್ಲರೂ ಅಲ್ಲೇ ನೋಡಿಕೊಂಡು ಬರುತ್ತಾರೆ.

ಇನ್ನೊಂದು ವಿಷಯ. ಸಭೆಯ ನಂಬರು, ಪಾಸ್‌ವರ್ಡ್ ಎರಡನ್ನೂ ಪೇಪರಿನಲ್ಲಿ ಹಾಕಿದರೆ ಬೇಡದವರೂ ನುಗ್ಗುತ್ತಾರೆ. 2020ರಲ್ಲಿ ಹೀಗೆ ನುಗ್ಗಿ ಗಲಾಟೆ ಮಾಡಿದ ಸುದ್ದಿ ಹಲವು ದೇಶಗಳಿಂದ ಬಂದಿತ್ತು. ಪ್ರತಿ ಸಭೆಗೂ ಹೊಸ ಐಡಿ, ಹೊಸ ಪಾಸ್‌ವರ್ಡ್ ಇಡಿ, ಬಂದವರನ್ನು ಮೊದಲು ಹೊರಗೆ ಕಾಯಿಸಿ ಎಂದು ಕೇಂದ್ರ ಗೃಹ ಸಚಿವಾಲಯವೇ ಆ ಏಪ್ರಿಲ್‌ನಲ್ಲಿ ಸಲಹೆ ಕೊಟ್ಟಿತ್ತು. ಪ್ರತಿ ಸಲವೂ ಹೊಸ ಐಡಿ ಆದರೆ, ಬದಲಾಗದೆ ಇರುವುದು ಏನಾದರೂ ಒಂದು ಬೇಕಲ್ವಾ?

ಹೆಸರು ಆರಿಸುವುದೇ ಕಷ್ಟದ ಕೆಲಸ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ನಮ್ಮಲ್ಲಿ ಮನೆಗೊಂದು ಪದ್ಧತಿ. ‘ಸಾಹಿತ್ಯ’ಕ್ಕೆ ಕೆಲವರು ಬರೀ ಟಿ ಹಾಕುತ್ತಾರೆ, ಕೆಲವರು ಟಿ ಜೊತೆ ಎಚ್ ಸೇರಿಸುತ್ತಾರೆ. ‘ವಾಚನ’ಕ್ಕೆ ಎ ಒಂದಾ, ಎರಡಾ? ನಮ್ಮ ಬಳಗದಲ್ಲಿ ‘ಶ್ರೀ’ಯಿಂದಲೇ ಜಗಳ ಶುರುವಾಯಿತು. “ಶ್ರೀಕಾರ ಇಲ್ಲದೆ ಹೇಗಮ್ಮ?” ಅಂದರು ಹಿರಿಯರೊಬ್ಬರು. “ಆಮಂತ್ರಣದ ಮೇಲೆ ದೊಡ್ಡದಾಗಿ ಇರಲಿ ರಾಯರೇ, ವಿಳಾಸದಲ್ಲಿ ಬೇಡ” ಅಂದೆ. ಅದನ್ನು ಎಸ್-ಆರ್-ಐ ಅಂತಲೂ ಬರೆಯುತ್ತಾರೆ, ಎಸ್-ಎಚ್-ಆರ್-ಐ ಅಂತಲೂ ಬರೆಯುತ್ತಾರೆ, ಕೊನೆಗೆ ಎರಡು ಇ ಹಾಕುವವರೂ ಇದ್ದಾರೆ. ಕೊನೆಗೆ ಒಂದು ಪರೀಕ್ಷೆ ಇಟ್ಟೆವು. ಹೆಸರನ್ನು ಫೋನಿನಲ್ಲಿ ಒಬ್ಬರಿಗೆ ಹೇಳುವುದು, ಅಕ್ಷರ ಬಿಡಿಸಿ ಹೇಳುವಂತಿಲ್ಲ. ಅವರು ಬರೆದದ್ದು ಸರಿಯಾಗಿದ್ದರೆ ಹೆಸರು ಪಾಸ್. ಚೆಂದದ ಹೆಸರುಗಳೆಲ್ಲ ಫೇಲಾದವು. ‘ಗಮಕ’ ಮತ್ತು ಊರಿನ ಹೆಸರು ಉಳಿದವು.

ಊರಿನ ಹೆಸರಲ್ಲೂ ಒಂದು ತಕರಾರಿದೆ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ನಮ್ಮೂರು ಇಂಗ್ಲಿಷಿನಲ್ಲೂ ಶಿವಮೊಗ್ಗ ಆಯಿತು. ಆದರೂ ಹಳೆಯ ‘ಶಿಮೊಗ’ ಎಂದೇ ಟೈಪ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾವು ಹೊಸದನ್ನೇ ಇಟ್ಟುಕೊಂಡೆವು, ಹಳೆಯ ಹೆಸರಿನಲ್ಲಿ ಹುಡುಕಿದವರಿಗೂ ಸಿಗಲಿ ಎಂದು ಪುಟದ ಪರಿಚಯದಲ್ಲಿ ಅದನ್ನೂ ಬರೆದೆವು. ಇಸವಿ ಮಾತ್ರ ಸೇರಿಸಬೇಡಿ. 2020 ಎಂದು ಬಾಲ ಕಟ್ಟಿಕೊಂಡ ಪುಟ ನೋಡಿದರೆ ಬಾಗಿಲು ಮುಚ್ಚಿದೆ ಅನ್ನಿಸುತ್ತದೆ. ಅಕ್ಷರಗಳ ನಡುವೆ ಕೆಳಗೆರೆಯೂ (ಅಂಡರ್‌ಸ್ಕೋರ್) ಬೇಡ. ಲಿಂಕಿನ ಅಡಿಗೆರೆಯಲ್ಲಿ ಅದು ಕಾಣಿಸುವುದೇ ಇಲ್ಲ. ಸೊನ್ನೆ ಬೇಡ, ಅದು ಓ ಥರ ಕಾಣುತ್ತದೆ.

ಯೂಟ್ಯೂಬ್‌ನಲ್ಲಿ ಈ ಹೆಸರು 3ರಿಂದ 30 ಅಕ್ಷರದೊಳಗೆ ಇರಬೇಕು. ಆಮೇಲೆ ಬದಲಿಸಬಹುದು, ಆದರೆ ಬಿಟ್ಟ ಹೆಸರು 14 ದಿನ ಮಾತ್ರ ನಮಗಾಗಿ ಕಾದಿರುತ್ತದೆ. ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹಳೆಯ ಆಮಂತ್ರಣ ನೋಡಿ ಬಂದವರು ಇನ್ನಾರದೋ ಪುಟಕ್ಕೆ ಹೋಗಿ ಕೂರುತ್ತಾರೆ. ಆದ್ದರಿಂದ ಅಚ್ಚಿಗೆ ಕೊಡುವ ಮೊದಲೇ ಯೂಟ್ಯೂಬ್, ಫೇಸ್‌ಬುಕ್ ಎರಡರಲ್ಲೂ ಒಂದೇ ಹೆಸರು ಸಿಗುತ್ತದೆಯೇ ನೋಡಿಕೊಳ್ಳಬೇಕು. ಫೇಸ್‌ಬುಕ್‌ನಲ್ಲಿ ಕಡಿಮೆ ಅಂದರೆ ಐದು ಅಕ್ಷರ ಇರಬೇಕು. ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಅಲ್ಲಿಲ್ಲ. ನಡುವಿನ ಚುಕ್ಕಿಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವಿಳಾಸ ಕನ್ನಡದಲ್ಲೇ ಇರಲಿ ಅನ್ನುವ ಆಸೆ ನನಗೂ ಇದೆ. ‘ಭಾರತ’ ಎಂದು ಕನ್ನಡದಲ್ಲೇ ಮುಗಿಯುವ ವಿಳಾಸಗಳು ಈಗ ಇವೆ. ಆದರೆ ಅದನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಕೆಲವೊಮ್ಮೆ ಎಕ್ಸ್-ಎನ್ ಎಂದು ಶುರುವಾಗುವ ಗೋಜಲು ಅಕ್ಷರ ಬಂದು ಕೂರುತ್ತದೆ. ಫೇಸ್‌ಬುಕ್ ವಿಳಾಸಕ್ಕೆ ಇಂಗ್ಲಿಷ್ ಅಕ್ಷರವೇ ಆಗಬೇಕು. ಸದ್ಯಕ್ಕೆ ಪುಟದ ತಲೆಬರಹ ಕನ್ನಡದಲ್ಲಿ, ವಿಳಾಸ ಇಂಗ್ಲಿಷಿನಲ್ಲಿ ಎಂದು ರಾಜಿಯಾಗಿದ್ದೇವೆ.

ಪ್ರೆಸ್ಸಿನವರ ಕಥೆಯೂ ಸ್ವಲ್ಪ ಹೇಳಬೇಕು. ಹಳೆಯ ಕನ್ನಡ ಫಾಂಟಿನಲ್ಲಿ ಕಂಪೋಸ್ ಮಾಡುವಾಗ ವಿಳಾಸಕ್ಕೆ ಫಾಂಟ್ ಬದಲಿಸದಿದ್ದರೆ ಇಂಗ್ಲಿಷ್ ಅಕ್ಷರಗಳೆಲ್ಲ ತಲೆಬುಡವಿಲ್ಲದ ಕನ್ನಡ ಆಗಿಬಿಡುತ್ತವೆ. ನಮ್ಮ ಒಂದು ಆಮಂತ್ರಣದ ಪ್ರೂಫ್ ಹಾಗೇ ಬಂದಿತ್ತು. ಪದಾಧಿಕಾರಿಯೊಬ್ಬರು ಅದನ್ನು ಹಳಗನ್ನಡ ಅಂದುಕೊಂಡು ಓದಲು ನೋಡಿದರು!

ತಮಾಷೆ ಅಲ್ಲದ ಸಂಗತಿ ಬೇರೆ ಇದೆ. ನಮಗೆ ಪರಿಚಯದ ಒಂದು ಸಂಘದ ಪುಟವನ್ನು ಉತ್ಸಾಹಿ ಹುಡುಗನೊಬ್ಬ ತನ್ನ ಸ್ವಂತ ಜಿಮೇಲ್‌ನಿಂದ ಮಾಡಿಕೊಟ್ಟಿದ್ದ. ಅವನು ಕೆಲಸ ಸಿಕ್ಕಿ ಪುಣೆಗೆ ಹೋದ. ಸಿಮ್ ಬದಲಾಯಿತು, ಪಾಸ್‌ವರ್ಡ್ ಮರೆತುಹೋಯಿತು. ಒಟಿಪಿ ಈಗ ಯಾರ ಫೋನಿಗೆ ಹೋಗುತ್ತಿದೆಯೋ! ಸಂಘದ ಹೆಸರು ಆ ಪುಟದಲ್ಲೇ ಸಿಕ್ಕಿಕೊಂಡಿದೆ, ಸಂಘದವರು ಕೊನೆಗೊಂದು ಅಂಕಿ ಸೇರಿಸಿ ಬೇರೆ ಪುಟ ಮಾಡಿಕೊಂಡಿದ್ದಾರೆ. ಹುಡುಗನದೇನೂ ತಪ್ಪಿಲ್ಲ. ಯೂಟ್ಯೂಬ್, ಫೇಸ್‌ಬುಕ್ ಎರಡರಲ್ಲೂ ಒಂದಕ್ಕಿಂತ ಜಾಸ್ತಿ ಜನರಿಗೆ ಅಧಿಕಾರ ಕೊಡಲು ಬರುತ್ತದೆ. ಸಂಘದ ಹೆಸರಿನ ಇಮೇಲ್‌ನಿಂದ ಪುಟ ತೆರೆದು, ಇಬ್ಬರಿಗೆ ಅಧಿಕಾರ ಕೊಟ್ಟು, ಯಾರ ಕೈಯಲ್ಲಿದೆ ಅನ್ನುವುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಬ್ಯಾಂಕಿನಲ್ಲಿ ಸಹಿ ಮಾಡುವವರ ಹೆಸರನ್ನು ಬರೆಯುವುದಿಲ್ಲವೇ?

ನಿಮ್ಮಲ್ಲಿ ಎರಡು ಕೋರಿಕೆ. ಸುದ್ದಿ ಕಳಿಸುವವರಿಗೆ ನೀವು ಕೊಡುವ ಸೂಚನೆಯಲ್ಲಿ ‘ಮೀಟಿಂಗ್ ಲಿಂಕ್ ಬೇಡ, ಸಂಸ್ಥೆಯ ಪುಟದ ವಿಳಾಸ ಕಳಿಸಿ’ ಎಂದು ಸೇರಿಸಿ. ಆ ವಿಳಾಸವನ್ನು ಒಡೆಯದೆ ಒಂದೇ ಸಾಲಿನಲ್ಲಿ ಹಾಕಿ. ಅಕ್ಷರ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ, ನಮ್ಮ ಕೇಳುಗರ ಬಳಿ ಕನ್ನಡಕ ಇದೆ.

ನಿವೃತ್ತ ಶಿಕ್ಷಕಿ, ಶಿವಮೊಗ್ಗ