ಅಂಗಿ ಮೇಲಿನ ಧೂಳು

ಪ್ರೀತಿಯ ಚೇತನ್‌ಗೆ,

ನಿನ್ನಮ್ಮ ನಿನ್ನೆ ಫೋನ್ ಮಾಡಿದ್ದಳು. ಹಳೇ ಕಟ್ಟಡ ಕೆಡವುವ ಕೆಲಸಕ್ಕೆ ಸೇರಿದ್ದೀಯಂತೆ, ಖುಷಿಯಿಂದಲೇ ಹೇಳಿದಳು. ಮಾತಿನ ಮಧ್ಯೆ, "ಅಂಗಿ ತುಂಬ ಧೂಳು, ಹೊರಗೆ ನಿಂತು ಕೊಡವಿ ಕೊಡವಿ ಸಾಕಾಗುತ್ತೆ" ಅಂದಳು. ಏನು ಒಡೀತಾನೆ ಅಂತ ಕೇಳಿದೆ. ಸೂರಿನ ಹಳೇ ಶೀಟು ಅಂದಳು. ರಾತ್ರಿ ನಿದ್ದೆ ಹತ್ತಲಿಲ್ಲ.

ನನ್ನ ಕೆಮ್ಮು ನಿನಗೆ ಗೊತ್ತು. ಅದರ ಕಥೆ ಗೊತ್ತಿಲ್ಲ. 22ನೇ ವಯಸ್ಸಿನಲ್ಲಿ ಬಾಯ್ಲರ್ ರೂಮಿನಲ್ಲಿ ಕೆಲಸಕ್ಕಿದ್ದೆ. ಬಿಸಿ ಪೈಪಿಗೆ ಸುತ್ತಿದ್ದ ಹಳೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಿತ್ತು ಹೊಸದು ಸುತ್ತಬೇಕು. ಚಾಕು ಹಾಕಿ ಸೀಳಿದರೆ ಹತ್ತಿಯ ಹಾಗೆ ಎದ್ದು ಬರುತ್ತಿತ್ತು. ಮೇಲಿನ ಕಿಟಕಿಯಿಂದ ಬಿಸಿಲಕೋಲು ಬಿದ್ದಾಗ ಅದರೊಳಗೆ ಸಣ್ಣಗೆ ಏನೋ ಮಿನುಗುತ್ತಿತ್ತು. ಚೆಂದವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಸಿಮೆಂಟ್ ಮೂಟೆ ಬಿಚ್ಚುವವನು ಸೀನಿ ಸೀನಿ ಬೈಯುತ್ತಿದ್ದ. ನಮಗೆ ಸೀನೂ ಇಲ್ಲ, ಕಣ್ಣುರಿಯೂ ಇಲ್ಲ. ನಾವೇ ಪುಣ್ಯವಂತರು ಅಂದುಕೊಂಡಿದ್ದೆವು.

58ಕ್ಕೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದಾಯಿತು. ಡಾಕ್ಟರು ಎಕ್ಸ್‌ರೇ ನೋಡಿ ಮೊದಲು ಕೇಳಿದ್ದೇ, "ಚಿಕ್ಕ ವಯಸ್ಸಲ್ಲಿ ಏನು ಕೆಲಸ ಮಾಡ್ತಿದ್ರಿ?" ಲೆಕ್ಕ ಹಾಕು, 36 ವರ್ಷ!

ಕಲ್ನಾರಿನ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಮೈಯ ಕಾವಲು ಕಣಗಳು ಅದನ್ನು ನುಂಗಲು ನೋಡುತ್ತವೆ. ಉದ್ದದ ಎಳೆ ಆ ಕಣಕ್ಕಿಂತಲೇ ದೊಡ್ಡದು, ನುಂಗಲು ಆಗುವುದಿಲ್ಲ. ಕಲ್ಲು ತಾನೆ, ಕರಗುವುದೂ ಇಲ್ಲ. ಆ ಜಾಗವೆಲ್ಲ ಗಾಯವಾಗಿ, ಗಾಯ ಕಲೆಗಟ್ಟಿ, ಶ್ವಾಸಕೋಶ ಗಡುಸಾಗುತ್ತದೆ. ನನ್ನದು ಅದೇ, ಆಸ್ಬೆಸ್ಟೋಸಿಸ್. ವರ್ಷಗಟ್ಟಲೆ ಕುಡಿದ ಧೂಳಿನ ಫಲ. ಹೋದ ಶಕ್ತಿ ವಾಪಸ್ ಬರುವುದಿಲ್ಲ. ಕೆಲವರಿಗೆ ಶ್ವಾಸಕೋಶದ ಕ್ಯಾನ್ಸರ್ ಆಗುತ್ತದೆ. ಸಿಗರೇಟು ಸೇರಿದರಂತೂ ಆ ಅಪಾಯ ಎಷ್ಟೋ ಪಟ್ಟು ಜಾಸ್ತಿ. (ನೀನು ಕದ್ದು ಸೇದುವುದು ನನಗೆ ಗೊತ್ತು. ಅಮ್ಮನಿಗೆ ಹೇಳಿಲ್ಲ.) ಇನ್ನೊಂದು ಮೆಸೊಥೆಲಿಯೋಮಾ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್. ಅದಕ್ಕೆ ಸಿಗರೇಟೂ ಬೇಡ, ಜಾಸ್ತಿ ಧೂಳೂ ಬೇಕಾಗಿಲ್ಲ.

1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಇಂಥ 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಎಷ್ಟೋ ಜನ ಕಲ್ನಾರಿನ ಗಣಿಯಲ್ಲಿ ಕೆಲಸ ಮಾಡಿದವರೇ ಅಲ್ಲ, ಸುಮ್ನೆ ಆ ಸುತ್ತಮುತ್ತ ಬದುಕಿದವರು. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಈ ರೋಗ ಬಂದದ್ದು ಆಮೇಲೆ ಗೊತ್ತಾಯಿತು. ನಿನ್ನಮ್ಮ ಅಂಗಿ ಕೊಡವುತ್ತಾಳೆ ಅಂದಾಗ ನನಗೆ ನಿದ್ದೆ ಹೋದದ್ದು ಇದಕ್ಕೇ.

ಆ ಶೀಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಲ್ಯಾಬಿನಲ್ಲೇ ಗೊತ್ತಾಗಬೇಕು. ಅಲ್ಲಿವರೆಗೆ ಇದೆ ಅಂತಲೇ ತಿಳಿದುಕೋ. ಬಿರುಕು ಬಿಡದೆ ತನ್ನ ಪಾಡಿಗೆ ಇರುವ ಶೀಟಿನಿಂದ ಅಷ್ಟು ತೊಂದರೆ ಇಲ್ಲ. ಗ್ರೈಂಡರ್, ಡ್ರಿಲ್, ಸುತ್ತಿಗೆ ತಾಗಿದಾಗಲೇ ಎಳೆ ಹಾರುವುದು. ಇದನ್ನು ಬಿಚ್ಚಲು ತರಬೇತಿ ಆದವರು ಬೇರೆ ಇರುತ್ತಾರೆ, ಅವರನ್ನೇ ಕರೆಸಿ ಅಂತ ಮೇಸ್ತ್ರಿಗೆ ಹೇಳು. ಅವರು ಶೀಟನ್ನು ನೀರಲ್ಲಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತುತ್ತಾರೆ. ಬಿದ್ದ ಪುಡಿಗೆ ಒಣ ಪೊರಕೆ ಮುಟ್ಟಿಸಬೇಡ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಹಿಂದಿನಿಂದ ಉಗುಳುತ್ತದೆ. ಮೂಗಿಗೆ ಕಟ್ಟುವ ಕರ್ಚೀಫು ಮನಸ್ಸಿನ ಸಮಾಧಾನಕ್ಕೆ ಅಷ್ಟೇ. ಎಫ್‌ಎಫ್‌ಪಿ3 ಅಥವಾ ಪಿ100 ಅನ್ನುವ, ಸಣ್ಣ ಎಳೆಯನ್ನೂ ತಡೆಯುವ ಮಾಸ್ಕ್ ಬೇಕು, ಅದೂ ಮುಖಕ್ಕೆ ಅಂಟಿ ಕೂತಿರಬೇಕು. ಹಾಗಾಗಿ ಆಸೆಪಟ್ಟು ಬಿಟ್ಟಿರುವ ಆ ಗಡ್ಡ ತೆಗೆಯಬೇಕು, ಬೇಜಾರು ಮಾಡಿಕೊಳ್ಳಬೇಡ.

ಈಗಾಗಲೇ ಧೂಳು ಕುಡಿದಿದ್ದೀಯ ಅಂತ ಹೆದರಿ ಕೂರಬೇಡ. ಕೆಲವು ದಿನದ್ದಕ್ಕೂ ವರ್ಷಗಳದ್ದಕ್ಕೂ ವ್ಯತ್ಯಾಸ ಇದೆ. ಆದರೆ ಡಾಕ್ಟರಿಗೆ ಹೇಳಿ ದಾಖಲೆಯಲ್ಲಿ ಬರೆಸಿಡು. ಮನೆಯಲ್ಲಿರುವ ಆ ಅಂಗಿಯನ್ನು ಯಾರೂ ಕೊಡವಬಾರದು. ಒದ್ದೆ ಮಾಡಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡು. ಒಗೆಯಲು ಹೋಗಬೇಡ, ಆ ಶೀಟು ಸಾಗಿಸುವವರ ಕೈಗೇ ಕೊಡು.

ಮೇಸ್ತ್ರಿ ಹತ್ತಿರ ಮಾತಾಡಲು ಸಂಕೋಚವಾದರೆ ನನ್ನ ನಂಬರ್ ಕೊಡು. ನನಗೆ ಉಸಿರು ಕಡಿಮೆ ಇದೆ ನಿಜ, ಒಂದು ಫೋನಿಗೆ ಸಾಕಾಗುತ್ತದೆ.

ನಿನ್ನ ಮಾವ